ಕೊಳ್ಳುವ ಕಲ್ಲು, ಮಾರುವ ಕಲ್ಲು

ನಮ್ಮದು ಗುಜರಿ ಅಂಗಡಿ,
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದೆ.
ಹೊಗೆ ಮೊದಲು ನಮಗೆ, ಆಮೇಲೆ ಊರಿಗೆ.
ಕಾಟನ್ ಮಿಲ್ಲು ಮುಚ್ಚಿದ ವರ್ಷ
ಮಗ್ಗಗಳು ಲಾರಿಯಲ್ಲಿ ಬಂದವು,
ನಡ ಮುರಿದುಕೊಂಡು, ಎಣ್ಣೆ ಇನ್ನೂ ಆರದೆ.
ಅಪ್ಪ ಕೇಳಿದ್ದು ಒಂದೇ ಮಾತು:
ಬೀಡೆಷ್ಟು, ಉಕ್ಕೆಷ್ಟು?

ಬುಡೇನ್ ಬರುವುದು ಶುಕ್ರವಾರ, ನಮಾಜು ಮುಗಿಸಿ.
ವೆಲ್ಡಿಂಗಿನವನು. ಟ್ರಾಲಿಯ ಕೊಂಡಿ, ಕಿಟಕಿಯ ಸರಳು,
ಯಾರದೋ ಗೇಟಿಗೆ ಎರಡು ನವಿಲು,
ಅದು ಹೊಟ್ಟೆಪಾಡು.
ನನ್ನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತನೆಂದರೆ
ಹೊಟ್ಟೆಯ ನೆನಪೇ ಇಲ್ಲ ಅವನಿಗೆ.
ಹಲ್ಲುಚಕ್ರ ಒಂದನ್ನು ಕಿವಿಗೆ ಹಿಡಿಯುತ್ತಾನೆ,
ಬೆರಳಲ್ಲಿ ತಟ್ಟುತ್ತಾನೆ, ಮಡಕೆ ಕೊಳ್ಳುವ ಹೆಂಗಸಿನ ಹಾಗೆ.
"ಇದು ಬ್ಯಾಡ, ಇದಕ್ಕಿನ್ನೂ ತಿರುಗೋ ಆಸೆ ಐತಿ."
ನಾನು ಮೊಬೈಲು ನೋಡುತ್ತ,
"ಕೆಜಿಗೆ ಮೂವತ್ತೆರಡು. ಆಸೆ ಫ್ರೀ."

ಈ ಸಲ ಆರು ವಾರದಲ್ಲಿ ಅವನು ಒಯ್ದದ್ದು
ತಳ ಸವೆದ ಮಂಡಕ್ಕಿ ಬಾಣಲೆ,
ಮಿಲ್ಲಿನ ಕದಿರು ಹನ್ನೊಂದು,
ಸೈಕಲ್ ಚೈನು, ಲೂನಾದ ಟ್ಯಾಂಕು, ಬಾವಿಯ ರಾಟೆ,
ಯಾರದೋ ಹೊಲಿಗೆ ಮಿಷಿನ್ನಿನ ಕಾಲು.
ಎಲ್ಲ ಬರೆದಿಟ್ಟಿದ್ದೇನೆ.
ನಲವತ್ತೊಂದು ಕಿಲೊ, ಇನ್ನೂರು ಗ್ರಾಂ.
ಏನು ಮಾಡ್ತಿಯೋ ಅಂದರೆ,
"ನಮ್ಮ ಅಮ್ಮೀನ," ಅಂದ.

ಹುಸೇನ್‌ಬಿ. ಭಟ್ಟಿಯ ಮುಂದೆ ಇಪ್ಪತ್ತೆಂಟು ವರ್ಷ ಕೂತವಳು.
ಬಿಸಿ ಉಸುಕು, ಹಳೇ ಟೈರಿನ ಹೊಗೆ,
ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಲ್ಲಿಗೆಯಾಗುವ ಅಕ್ಕಿ.
ಸಂಜೆ ನಮ್ಮಲ್ಲಿ ಬಂದು ಒಡೆದ ಜರಡಿ, ತೂತು ಬಿದ್ದ ಬಕೆಟ್ಟು
ಮಾರಿ ಹೋಗುತ್ತಿದ್ದಳು,
ದುಡ್ಡು ಎಣಿಸದೆ ಸೆರಗಿಗೆ ಗಂಟು ಹಾಕಿ.
ಎಣಿಸಿದ್ದರೂ ಏನು,
ತೂಕ ಎಣಿಕೆಗೆ ಸಿಗುವಂಥದ್ದಲ್ಲ.

ಹೋದ ವಾರ ಬುಡೇನ್ ಮೂಲೆಗೆ ಕೈ ಹಾಕಿದ.
ಅಲ್ಲಿ ಅಪ್ಪನ ಕಾಲದ ತಕ್ಕಡಿ ಕಲ್ಲುಗಳು,
ಕರೆಂಟಿನ ಕಾಟಾ ಬಂದ ಮೇಲೆ
ಗೋಣಿಯ ಕೆಳಗೆ ಮಲಗಿದವು.
ಐದು ಕೆಜಿಯವು ಎರಡು. ಅದೇ ಅಂಚು, ಅದೇ ಸರ್ಕಾರಿ ಮುದ್ರೆ.
ಒಂದೊಂದು ಕೈಲಿ ಒಂದೊಂದು ಹಿಡಿದು
ಕಣ್ಣು ಮುಚ್ಚಿ ನಿಂತ.
ನನ್ನ ಗಂಟಲಲ್ಲಿ ಚಹಾ ನಿಂತಿತು.

ಒಂದು ಕೊಳ್ಳುವ ಕಲ್ಲು. ಒಂದು ಮಾರುವ ಕಲ್ಲು.
ಒಂದರ ಹೊಟ್ಟೆಗೆ ಸೀಸ ಕುಡಿಸಿದ್ದು,
ಇನ್ನೊಂದರ ಹೊಟ್ಟೆ ಕೆರೆದದ್ದು.
ಕತ್ತಲಲ್ಲೂ ತಡವಿ ಹೇಳುತ್ತಿದ್ದ ಅಪ್ಪ ಯಾವುದು ಯಾವುದೆಂದು.
ನನಗೆ ಕಲಿಸಿದ ಮೊದಲ ವಿದ್ಯೆ ಅದು,
ಅಕ್ಷರಕ್ಕೂ ಮುಂಚೆ.

ಬುಡೇನ್ ಏನೂ ಕೇಳಲಿಲ್ಲ.
"ಎರಡೂ ಬೇಕು. ಎಷ್ಟಾತು?"
ಕಾಟಾದ ಮೇಲಿಡಲು ನನಗೆ ಕೈ ಬರಲಿಲ್ಲ.
ಹಂಗೇ ಒಯ್ಯಿ, ಅಂದೆ.
ಅವನೇ ಇಟ್ಟ, ಒಂದಾದ ಮೇಲೆ ಒಂದು.
ಕೆಂಪು ಅಂಕಿ ಓದಿದ.
ದುಡ್ಡು ಎಣಿಸಿ ಕೊಟ್ಟ, ಚಿಲ್ಲರೆ ಸಮೇತ.

ನಿನ್ನೆ ಅವನ ಶೆಡ್ಡಿಗೆ ಹೋದೆ.
ತೊಲೆಗೆ ರಾಟೆ ಬಿಗಿದು, ನೆಲ ಮುಟ್ಟದ ಹಾಗೆ
ಇಳಿಬಿಟ್ಟಿದ್ದಾನೆ ಅವಳನ್ನು, ಕೂತ ಭಂಗಿಯಲ್ಲೇ.
ಬಾಣಲೆಯೇ ಮುಖ, ಮಸಿ ತೆಗೆದಿಲ್ಲ.
ಹೊಗೆಗೆ ಕಿವುಚಿದ ಕಣ್ಣಿಗೆ ಎರಡು ಬೆಸುಗೆಯ ಗೆರೆ, ಅಷ್ಟೆ.
ಹತ್ತು ಕದಿರು ಬೆರಳು,
ಹನ್ನೊಂದನೆಯದು ಉಸುಕು ಕದಡುವ ಕೋಲು.
ಚೈನಿನ ಸೆರಗು, ತುದಿಯಲ್ಲಿ ಗಂಟು.
ಎರಡು ತೊಡೆಯ ಕೆಳಗೆ ಅಪ್ಪನ ಎರಡು ಕಲ್ಲು.
ಬಲಕ್ಕೆ ಒಂದೆಳೆ ವಾಲಿದ್ದಳು.

"ತೂಕ ತಪ್ಪೇತಲ್ಲೋ," ಅಂದೆ.
ದನಿ ಅಪ್ಪನದೇ ಅನ್ನಿಸಿತು.
ಕಪ್ಪು ಕನ್ನಡಕ ಹಣೆಗೇರಿಸಿ ಬುಡೇನ್,
"ಅಮ್ಮಿ ಕುಂದ್ರತಿದ್ದದ್ದೇ ಹಂಗ.
ಎಡಕ್ಕ ಬೆಂಕಿ.
ಬಲಕ್ಕ, ಗೋಣಿ ಮ್ಯಾಲೆ, ನಾನು."

ಬಲಗಡೆಯ ಕಲ್ಲು ತಡವಿದೆ.
ಹೌದು, ಕೊಳ್ಳುವುದು. ಬೆರಳಿಗೆ ಮರೆತಿರಲಿಲ್ಲ.
ಬೆಸುಗೆ ಇನ್ನೂ ಸುಡುತ್ತಿತ್ತು,
ಕೈ ತೆಗೆಯಲಿಲ್ಲ.